ಇರ್ಲಿ ಬುಡು

ಗೋಕುಲಂ ಮೂರನೇ ಸ್ಟೇಜು, ಹೊಂಗೆ ಮರದ ಕೆಳಗೆ
ನನ್ನ ಇಸ್ತ್ರಿ ಗಾಡಿ. ಎದುರು ಮನೆ ಮಹಡಿ ಮೇಲೆ
ಯೋಗ ಕಲಿಯಕ್ಕೆ ಬಂದೋಳು, ಅರ್ಜೆಂಟೀನಾ ಅಂತೆ ದೇಶ.
ಹೆಸರು ಮಾರ್ಸೆಲಾ. ನನ್ನ ಬಾಯಿಗೆ ಅದು ಮಾಚಲಮ್ಮ.
ಬೆಳಿಗ್ಗೆ ತಲೆಕೆಳಗೆ ನಿಂತ್ಕತಾಳೆ,
ಸಂಜೆ ಹಾಡು ಹಾಕ್ಕಂಡು ಒಬ್ಬಳೇ ಕುಣೀತಾಳೆ,
ಎದುರಿಗೆ ಯಾರೋ ಅವ್ರೆ ಅನ್ನೋ ಹಂಗೆ
ಗಾಳಿ ಹೆಗಲ ಮೇಲೆ ಕೈ ಮಡಗಿ.

ಟ್ಯಾಂಗೊ ಅಂದ್ಲು.
ಯಾವುದೋ ಗಾಳಿಪೆಟ್ಟಿಗೆ ಉಸಿರೆಳಕಂಡು ಅಳೋ ಸದ್ದು,
ಭಜನೆ ಮನೆ ಹಾರ್ಮೋನಿಯಂಗೆ
ಜ್ವರ ಬಂದಂಗೆ.
ಏನಂತದೆ ಅದು, ಕೇಳ್ದೆ,
ಅವಳ ಕರೀ ಲಂಗದ ನೆರಿಗೆ ಒಂದೊಂದೇ ಬುಡಿಸ್ತಾ.

ಮಾರ್ಕೆಟ್ಟಲ್ಲಿ ಕಲಿತ ಕನ್ನಡ ಅವಳ್ದು:
"ಒಬ್ಬ ಕಟುಕ. ಹೆಂಡ್ತಿ ಹೋಯ್ತು. ಫ್ರೆಂಡ್ ಜೊತೆ ಹೋಯ್ತು.
ಕಟುಕ ಕುಡಿತಾ, ಅಳ್ತಾ, ಕುಡಿತಾ.
ಹತ್ತು ವರ್ಷ ಆಯ್ತು. ಮಳೆ. ಹೆಂಡ್ತಿ ಬಂತು,
ಅರ್ಧ ಕೆಜಿ ಕೊಡಿ ಅಂತು.
ಕಟುಕ ಜಾಸ್ತಿ ಹಾಕ್ತು. ದುಡ್ಡು ಬೇಡ ಅಂತು.
ಆಮೇಲೆ ಹಾಡ್ತು: ನಿನಗೆ ಕ್ಷಮೆ, ನಿನಗೆ ಕ್ಷಮೆ."

ಜಾಸ್ತಿ ಹಾಕಿದ್ದು ಸರಿ, ಅಂದೆ.
ಬಾಯ್ಬುಟ್ಟು ಹೇಳ್ಬಾರದಾಗಿತ್ತು.

ಕ್ಷಮೆ ಅನ್ನೋ ಮಾತ ನಾನು ಕಂಡಿರೋದು
ಒಳಚರಂಡಿಗೆ ರಸ್ತೆ ಅಗೆದಾಗ ನಿಲ್ಸೋ ಬೋರ್ಡಲ್ಲಿ.
ಬೋರ್ಡೂ ಅಲ್ಲೇ ಇರ್ತದೆ, ಗುಂಡೀನೂ ಅಲ್ಲೇ ಇರ್ತದೆ.

ಇನ್ನೊಂದು ಹಾಡು ಹಾಕಿದ್ಲು. ಅದ್ರಲ್ಲೂ ಗಂಡಸೇ ಅಳ್ತಿದ್ದ.
ಮತ್ತೊಂದು. ಅದ್ರಲ್ಲೂ.
ನಿಮ್ಮೂರಲ್ಲಿ ಮೋಸ ಹೋಗೋರೆಲ್ಲ ಗಂಡಸ್ರೇನವ್ವ?
ಮಾಚಲಮ್ಮ ನಕ್ಕಳು. ಆಮೇಲೆ ನಗಲಿಲ್ಲ.

ನಂದು ಹಾಡಲ್ಲ. ಹಾಡಾಗೋವಷ್ಟು ಉದ್ದಾನೂ ಇಲ್ಲ.
ನಮ್ಮೋನು, ಕೆಂಪರಾಜು, ಗೂಡ್ಸ್ ಆಟೋ ಓಡಿಸ್ತಿದ್ದ.
ಮದುವೆ ಹೊಸದ್ರಲ್ಲಿ ಕೆಂಡಕ್ಕೆ ಗಾಳಿ ಬೀಸ್ತಾ
ನಿನ್ನ ಮುಖ ಕೆಂಪಗಾಯ್ತದೆ, ಅತ್ಲಾಗೆ ಸರಿ ಅಂತಿದ್ದೋನು
ಬನ್ನೂರು ಕಡೆ ಹೂ ಮಾರೋಳೊಬ್ಬಳ ಹಿಂದೆ ಹೋದ.
ಹೋಗೋವಾಗ ಹಿತ್ತಾಳೆ ಇಸ್ತ್ರಿಪೆಟ್ಟಿಗೇನೂ ಎತ್ಕಂಡೋದ.
ನಮ್ಮಪ್ಪ ಕೊಟ್ಟಿದ್ದು, ಏಳು ಕೆಜಿ ತೂಕದ್ದು.
ಅವನು ಹೋದ ಅಂತ ಅತ್ತೆನೋ
ಪೆಟ್ಟಿಗೆ ಹೋಯ್ತು ಅಂತ ಅತ್ತೆನೋ,
ಇವತ್ತಿಗೂ ಲೆಕ್ಕ ಸಿಕ್ಕಿಲ್ಲ.

ನಾಕು ವರ್ಷ. ಆಯುಧಪೂಜೆ ದಿನ.
ಬಾಡಿಗೆ ಕಬ್ಬಿಣದ ಪೆಟ್ಟಿಗೆಗೆ ಕುಂಕುಮ ಇಟ್ಟು
ಒಂದು ಮೊಳ ಸೇವಂತಿಗೆ ಸುತ್ತಿದ್ದೆ.
ರಸ್ತೆ ಪೂರ್ತಿ ಒಡೆದ ಕುಂಬಳಕಾಯಿ, ಕೆಂಪು ನೀರು.
ಬಂದ. ಮೀಸೆ ಬೆಳ್ಳಗಾಗಿತ್ತು, ಚಪ್ಪಲಿ ಒಂದೇ ಕಡೆ ಸವೆದಿತ್ತು.
ನನಗೆ ಕೈ ಮುಗೀಲಿಲ್ಲ. ಪೆಟ್ಟಿಗೆಗೆ ಮುಗಿದ,
ಬಗ್ಗಿ, ಹಣೆ ತಾಕೋವಷ್ಟು.
ಪುರಿ ಕಡ್ಲೆ ಕೊಟ್ಟೆ. ಬೀದಿಯೋರಿಗೆ ಕೊಟ್ಟಷ್ಟೇ.
ಜಾಸ್ತಿ ಹಾಕ್ಲಿಲ್ಲ.
ಇರ್ಲಿ ಬುಡು, ಅಂದೆ.

ಮಾರನೇ ದಿನ ಅವನ ಅಂಗಿ ಇಸ್ತ್ರಿ ಮಾಡ್ತಾ
ಬೆನ್ನ ಮೇಲೆ ಪೆಟ್ಟಿಗೆ ಮಡಗಿ
ಹೊಂಗೆ ಮರದಲ್ಲಿ ಎಷ್ಟು ಗಿಣಿ ಅವೆ ಅಂತ ಎಣಿಸಿದೆ.
ಹದಿನೇಳು.
ಹೊಗೆ ಬಂತು.
ಅಂಗಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡ್ದ. ಹಾಕ್ಕಂಡ.
ಇವತ್ತೂ ಅದನ್ನೇ ಹಾಕ್ಕಂಡವ್ನೆ, ಅಗೋ ನೋಡು,
ಕೆಂಡ ಬೀಸ್ತಾ ಕುಂತವ್ನಲ್ಲ,
ಬೆನ್ನಲ್ಲಿ ಹರಿಗೋಲು ಕವುಚಿ ಹಾಕ್ದಂಗೆ ಕಂದು ಗುರುತು.
ಯಾರಾದ್ರೂ ಕೇಳಿದ್ರೆ
ಕರೆಂಟ್ ಪೆಟ್ಟಿಗೆ ಅಂಗೇ ಕಣ್ಲಾ ಅಂತಾನೆ.
ನಮ್ಮದು ಇದ್ದಲಿಂದು.

ಮಾಚಲಮ್ಮ ಬಾಳ ಹೊತ್ತು ಆ ಬೆನ್ನ ನೋಡಿದ್ಲು.
"ಇರ್ಲಿ ಬುಡು," ಬಾಯಲ್ಲೇ ಹೊರಳಿಸಿದ್ಲು.
"ಇರು? ಬಿಡು? ಎರಡೂ?"
ಹೂಂ ಕಣವ್ವ, ಎರಡೂ.
"ಈ ಹಾಡು ನಮ್ಮಲ್ಲಿ ಇಲ್ಲ."

ಮಹಡಿ ಮೇಲೆ ಗಾಳಿಪೆಟ್ಟಿಗೆ ಅಳ್ತಾನೇ ಇತ್ತು.
ಕೆಂಪರಾಜು ಕೈಲಿದ್ದ ಬೀಸಣಿಗೆ
ಅದರ ತಾಳಕ್ಕೆ ಸಿಕ್ಕಾಕ್ಕಂಡಿತ್ತು, ಪಾಪ, ಅವನಿಗೇ ಗೊತ್ತಿಲ್ಲ.
ಲಂಗಕ್ಕೆ ಇಪ್ಪತ್ತು ರೂಪಾಯಿ ಕೊಡವ್ವ, ಅಂದೆ,
ನೆರಿಗೆ ಜಾಸ್ತಿ ಅವೆ.